ಮುಖ ನೋಡಿ ಮಣೆ, ಮುಖ ನೋಡಿ ಬೇಡಿ

ಹದಿನೇಳು ವರುಷದ ಹುಡುಗಿಯೊಬ್ಬಳು ಹೋಟೆಲಿನಲ್ಲಿ ತಟ್ಟೆ ಹಂಚುತ್ತಾಳೆ. ಗಿರಾಕಿ ಬಾಯಿ ತೆರೆಯುವ ಮೊದಲೇ ಅವನ ಅಂಗಿ, ಕುಳಿತ ಭಂಗಿ, ಕೈ ಇಟ್ಟ ರೀತಿ ನೋಡಿ, ಈತನಿಗೆ ತತ್ತಿ ಹೇಗೆ ಬೇಯಿಸಿ ಕೊಡಬೇಕೆಂಬುದನ್ನು ಹೇಳಿಬಿಡುತ್ತಾಳೆ. ಈ ಜಾಣತನದ ಸುದ್ದಿ ಅಮೇರಿಕೆಯ ಕೇಂದ್ರ ಪೋಲೀಸ ಖಾತೆಯಾದ ಎಫ್.ಬಿ.ಐ.ಗೆ ಮುಟ್ಟುತ್ತದೆ. ಅವರು ಅವಳನ್ನು ಕರೆದೊಯ್ದು, ಅಂಥವೇ ಇನ್ನೂ ನಾಲ್ಕು ಮಕ್ಕಳಿರುವ ಮನೆಯಲ್ಲಿ ಇಟ್ಟು, ಪತ್ತೆಯಾಗದೆ ಉಳಿದ ಹಳೆಯ ಕೊಲೆಗಳ ಕಾಗದಗಳನ್ನು ಮುಂದಿಡುತ್ತಾರೆ. ಒಬ್ಬಳು ಸುಳ್ಳು ಹೇಳುವವನನ್ನು ಧ್ವನಿಯಿಂದಲೇ ಹಿಡಿಯುವವಳು. ಒಬ್ಬಳಿಗೆ ಅಂಕಿಗಳೇ ಉಸಿರು. ಒಬ್ಬ ಮೋರೆ ನೋಡಿ ಮನದ ಸಿಟ್ಟು ಸಂಕಟ ಓದುವವ. ಇನ್ನೊಬ್ಬ ಹುಡುಗನ ತಂದೆಯೇ ಸಾಲುಕೊಲೆಗಾರ. ಅದಕ್ಕೆಂದೇ ಆ ಹುಡುಗನಿಗೆ ಕೊಲೆಗಾರರ ಮನಸ್ಸು ತಿಳಿಯುತ್ತದೆ.

ಇದು ಜೆನಿಫರ್ ಲಿನ್ ಬಾರ್ನ್ಸ್ ಎಂಬಾಕೆ ಬರೆದ ‘ದಿ ನ್ಯಾಚುರಲ್ಸ್’ ಎಂಬ ಇಂಗ್ಲಿಷ ಕಾದಂಬರಿ. ೨೦೧೩ರಲ್ಲಿ ಹೊರಬಂತು, ಮುಂದಿನ ಭಾಗಗಳೂ ಬಂದವು. ಬರೆದಾಕೆ ಮನಃಶಾಸ್ತ್ರ ಕಲಿತವಳು. ಕತೆ ಹೇಳುವ ಕೈಯೂ ಪಳಗಿದೆ. ಇಂಥ ಪುಸ್ತಕಗಳು ಬೈಲಹೊಂಗಲ, ಕಿತ್ತೂರ, ಸವದತ್ತಿ, ರಾಮದುರ್ಗಗಳ ಇಂಗ್ಲಿಷ ಕಲಿತ ಮಕ್ಕಳ ಕೈಗೂ ಬರುತ್ತವೆ. ಪುಸ್ತಕವಾಗಿ ಬಾರದಿದ್ದರೆ ಮೊಬೈಲಿನಲ್ಲಿ ಬರುತ್ತವೆ. ಹಗಲು ಪಾಳಿ ಮುಗಿಸಿ ಬಂದ ತಂದೆ, ಅಂಗಡಿ ಕದ ಹಾಕಿ ಬಂದ ತಂದೆ, ಮಗಳು ಏನು ಓದುತ್ತಾಳೆಂದು ಕೇಳಿದರೆ ಅವಳು ಹೇಳುವುದು ಇಂಥ ಕತೆ. ಆ ತಂದೆತಾಯಿಗಳಿಗಾಗಿ ನಾವು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಮೊದಲೇ ಹೇಳಿಬಿಡುತ್ತೇವೆ: ಓದಬೇಡಿರೆಂದು ಹೇಳುವ ಮಂದಿ ನಾವಲ್ಲ. ಪತ್ತೇದಾರಿ ಕಾದಂಬರಿ ಓದಿದರೆ ಹುಡುಗರು ಕೆಡುತ್ತಾರೆಂದು ಎನ್. ನರಸಿಂಹಯ್ಯನವರ ಕಾಲದಲ್ಲೂ ಮೇಷ್ಟರು ಗದರಿಸುತ್ತಿದ್ದರು. ನರಸಿಂಹಯ್ಯನವರು ನೂರಾರು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಎಷ್ಟೋ ಮಂದಿ ಕನ್ನಡ ಓದಲು ಕಲಿತರು. ಪಂಡಿತರು ಆ ಲೆಕ್ಕ ಇಟ್ಟಿಲ್ಲ, ಬಾಡಿಗೆ ಪುಸ್ತಕದ ಅಂಗಡಿಯವರು ಇಟ್ಟಿದ್ದರು. ಜರ್ಮನಿಯಲ್ಲಿ ಎರಿಖ್ ಕೆಸ್ಟ್ನರ್ ೧೯೨೯ರಲ್ಲಿ ಬರೆದ ‘ಎಮಿಲ್ ಮತ್ತು ಪತ್ತೇದಾರರು’ ಕೂಡ ಮಕ್ಕಳ ಪತ್ತೇದಾರಿಯೇ. ಕೂದಲು ಕತ್ತರಿಸಿ ಬಾಳುವ ಬಡ ವಿಧವೆಯ ಮಗನ ಹಣ ರೈಲಿನಲ್ಲಿ ಕಳುವಾಗುತ್ತದೆ. ಬರ್ಲಿನ್ನಿನ ಬೀದಿ ಹುಡುಗರೆಲ್ಲ ಕೂಡಿ ಕಳ್ಳನ ಬೆನ್ನು ಹತ್ತುತ್ತಾರೆ. ಹಿಟ್ಲರನ ಮಂದಿ ೧೯೩೩ರಲ್ಲಿ ಕೆಸ್ಟ್ನರನ ಪುಸ್ತಕಗಳನ್ನು ಬೆಂಕಿಗೆ ಹಾಕಿದಾಗ ಇದೊಂದನ್ನು ಮುಟ್ಟಲು ಅವರಿಗೂ ಧೈರ್ಯ ಸಾಲಲಿಲ್ಲ, ಅಷ್ಟು ಮಕ್ಕಳಿಗೆ ಅದು ಬೇಕಾಗಿತ್ತು. ಆದರೆ ಎರಡೂ ಕತೆಗಳ ನಡುವಿನ ಒಂದು ಭೇದವನ್ನು ವಾಚಕರು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಎಮಿಲ್ಲನ ಗೆಳೆಯರು ಕಳ್ಳನನ್ನು ಗುರುತಿಸುವುದು ನೋಟಿನಲ್ಲಿದ್ದ ಸೂಜಿಯ ತೂತಿನಿಂದ. ಎಮಿಲ್ ಆ ನೋಟುಗಳನ್ನು ಅಂಗಿಗೆ ಗುಂಡುಸೂಜಿಯಿಂದ ಚುಚ್ಚಿಟ್ಟಿದ್ದ. ಅದು ಪುರಾವೆ. ‘ನ್ಯಾಚುರಲ್ಸ್’ ಕತೆಯ ಮಕ್ಕಳಿಗೆ ಮೊದಲ ಪುರಾವೆಯೇ ಮನುಷ್ಯನ ನಡೆ, ಮೋರೆ, ಮನಸ್ಸು.

ಮೋರೆ ಓದುವ ವಿದ್ಯೆ ನಮ್ಮ ಪೇಟೆಗೆ ಹೊಸದಲ್ಲ. ಉದ್ರಿ ಕೇಳಲು ಬಂದವನ ಚಪ್ಪಲಿ ನೋಡಿ, ಕಣ್ಣು ನೋಡಿ, ಈತ ಕೊಟ್ಟಾನೋ ಮುಳುಗಿಸ್ಯಾನೋ ಎಂದು ಲೆಕ್ಕ ಹಾಕದ ಅಂಗಡಿಕಾರನುಂಟೆ? ಬೈಲಹೊಂಗಲದ ಹತ್ತಿಪೇಟೆಯಲ್ಲಿ ತಲೆ ನರೆಸಿದ ಅಡತಿಯವರನ್ನು ಏಕಾಂತದಲ್ಲಿ ಕೇಳಿ ನೋಡಿರಿ: ಅವರನ್ನು ಮುಳುಗಿಸಿದವರು ಮುರುಕು ಚಪ್ಪಲಿಯವರೋ, ಇಸ್ತ್ರಿ ಅಂಗಿಯವರೋ? ಉತ್ತರ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಸುಳ್ಳನ್ನು ಮುಖದ ಮೇಲೆ ಹಿಡಿಯುವ ಶಕ್ತಿಯನ್ನು ಶಾಸ್ತ್ರಜ್ಞರು ನೂರಾರು ಪ್ರಯೋಗಗಳಲ್ಲಿ ಅಳೆದಿದ್ದಾರೆ. ಅವನ್ನೆಲ್ಲ ಕೂಡಿಸಿ ೨೦೦೬ರಲ್ಲಿ ತೆಗೆದ ಸರಾಸರಿ ನೂರಕ್ಕೆ ೫೪. ಕಣ್ಣು ಮುಚ್ಚಿ ರೂಪಾಯಿ ಚಿಮ್ಮಿದರೂ ನೂರಕ್ಕೆ ೫೦ ಸರಿ ಬರುತ್ತದಲ್ಲ! ಪೋಲೀಸರು, ನ್ಯಾಯಾಧೀಶರೆಂಬ ಅನುಭವಸ್ಥರೂ ಸಾಮಾನ್ಯರಿಗಿಂತ ಹೆಚ್ಚೇನೂ ಗೆಲ್ಲಲಿಲ್ಲ. ಅಪರಾಧ ನಡೆದ ರೀತಿ ನೋಡಿ ಅಪರಾಧಿಯ ಚಿತ್ರ ಬರೆಯುವ ‘ಪ್ರೊಫೈಲರ’ರ ವಿಷಯಕ್ಕೂ ಇಂಥದೇ ಪರೀಕ್ಷೆ ನಡೆದಿದೆ. ಕೆನಡಾದ ಸಂಶೋಧಕರು ೨೦೦೭ರಲ್ಲಿ ಎಲ್ಲ ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿ, ಈ ಕಸುಬಿನವರು ಉಳಿದವರಿಗಿಂತ ಖಚಿತವಾಗಿ ಮೇಲೆಂದು ಹೇಳಲಾಗದು ಎಂದರು. ಎಫ್.ಬಿ.ಐ. ಇದಕ್ಕೆಂದೇ ೧೯೭೨ರಲ್ಲಿ ಒಂದು ಶಾಖೆ ತೆರೆದಿತ್ತು. ಅಲ್ಲಿನ ಅಧಿಕಾರಿಗಳು ಜೈಲಿನಲ್ಲಿದ್ದ ೩೬ ಜನ ಕೊಲೆಗಾರರ ಜತೆ ಮಾತನಾಡಿ ತಮ್ಮ ಶಾಸ್ತ್ರ ಕಟ್ಟಿದರು. ಸಿಕ್ಕಿಬಿದ್ದವರನ್ನು ಮಾತ್ರ ಕೇಳಿ ಸಿಕ್ಕದವರ ಶಾಸ್ತ್ರ ಕಟ್ಟುವುದೆಂದರೆ, ಗಿರಣಿಯಲ್ಲಿ ಕೆಟ್ಟು ನಿಂತ ಮಗ್ಗಗಳನ್ನಷ್ಟೇ ಎಣಿಸಿ ಬಟ್ಟೆಯ ಉತ್ಪನ್ನ ಹೇಳಿದಂತೆ.

ಈ ವಿದ್ಯೆಗೆ ಜಗತ್ತಿನಲ್ಲಿ ಹೆಸರು ತಂದ ಪ್ರಕರಣವೊಂದುಂಟು. ಅದನ್ನು ನಮ್ಮ ಗಿರಣಿ ಬಂಧುಗಳಿಗೆ ತುಸು ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಅದು ಮೂಲದಲ್ಲಿ ಒಬ್ಬ ಕಾಮಗಾರನ ಪರಿಹಾರದ ಅರ್ಜಿಯ ಕತೆ. ೧೯೪೦ರಿಂದ ೧೯೫೬ರ ವರೆಗೆ ನ್ಯೂಯಾರ್ಕ್ ಪಟ್ಟಣದ ಸಿನೇಮಾ ಮಂದಿರ, ರೈಲು ನಿಲ್ದಾಣ, ವಾಚನಾಲಯಗಳಲ್ಲಿ ಯಾರೋ ಬಾಂಬು ಇಡುತ್ತಿದ್ದರು. ಮೂವತ್ತಕ್ಕೂ ಹೆಚ್ಚು ಬಾಂಬುಗಳು. ಹದಿನೈದು ಜನರಿಗೆ ಗಾಯ. ಪೋಲೀಸರು ಸೋತು ೧೯೫೬ರಲ್ಲಿ ಜೇಮ್ಸ್ ಬ್ರಸೆಲ್ ಎಂಬ ಮನೋವೈದ್ಯನ ಬಳಿಗೆ ಹೋದರು. ಅಪರಾಧಿ ನಡುವಯಸ್ಸಿನ ಅವಿವಾಹಿತ, ಹಿಡಿದಾಗ ಎರಡು ಸಾಲು ಗುಂಡಿಯ ಕೋಟು ತೊಟ್ಟಿರುತ್ತಾನೆಂದು ವೈದ್ಯ ಹೇಳಿದನೆಂದೂ, ೧೯೫೭ರ ಜನೆವರಿಯಲ್ಲಿ ಹಿಡಿದಾಗ ಆತ ಅಂಥದೇ ಕೋಟು ತೊಟ್ಟಿದ್ದನೆಂದೂ ಜಗತ್ತೆಲ್ಲ ಬಾಯಿ ಮೇಲೆ ಬೆರಳಿಟ್ಟಿತು. ವೈದ್ಯನಿಗೆ ಕೀರ್ತಿ ಬಂತು, ಪುಸ್ತಕ ಬಂತು.

ಆದರೆ ಆತನನ್ನು ಹುಡುಕಿಕೊಟ್ಟವರು ಯಾರು? ಕಾನ್ಸಾಲಿಡೇಟೆಡ್ ಎಡಿಸನ್ ಎಂಬ ವಿದ್ಯುತ್ ಕಂಪನಿಯ ಕಚೇರಿಯಲ್ಲಿ ಕುಳಿತ ಅಲಿಸ್ ಕೆಲ್ಲಿ ಎಂಬ ಗುಮಾಸ್ತೆ. ಆಕೆ ಕಂಪನಿಯ ಹಳೆಯ ಪರಿಹಾರದ ಅರ್ಜಿಗಳ ಕಟ್ಟು ಬಿಚ್ಚಿ ಒಂದೊಂದಾಗಿ ಓದಿದಳು. ಬಾಂಬಿಟ್ಟವನು ಪತ್ರಿಕೆಗೆ ಬರೆದ ಕಾಗದಗಳ ಮಾತೇ ಒಂದು ಹಳೆಯ ಅರ್ಜಿಯಲ್ಲಿ ಆಕೆಗೆ ಸಿಕ್ಕಿತು. ಅರ್ಜಿದಾರ ಜಾರ್ಜ್ ಮೆಟೆಸ್ಕಿ. ೧೯೩೧ರಲ್ಲಿ ಕೆಲಸದ ಜಾಗದಲ್ಲಿ ಬಿಸಿ ಅನಿಲ ಮೋರೆಗೆ ಹೊಡೆದು ಬಿದ್ದವನು. ಅದರಿಂದಲೇ ಕ್ಷಯ ತಗಲಿತೆಂದು ಪರಿಹಾರ ಕೇಳಿದವನು. ಅರ್ಜಿ ತಡವಾಗಿ ಬಂತೆಂದು ತಳ್ಳಿಹಾಕಲ್ಪಟ್ಟವನು. ಸಿನೇಮಾ ನೋಡಲು ಬಂದ ಬಡವರ ಕುರ್ಚಿಯ ಕೆಳಗೆ ಬಾಂಬು ಇಟ್ಟವನ ಪಕ್ಷ ವಹಿಸಲು ನಾವು ಬಂದಿಲ್ಲ. ಅದು ಹೇಯ ಕೃತ್ಯ. ಆದರೆ ಇಪ್ಪತ್ತಕ್ಕೂ ಹೆಚ್ಚು ವರುಷ ಕಂಪನಿಯ ಕಪಾಟಿನಲ್ಲೇ ಮಲಗಿದ್ದ ಕಾಗದವನ್ನು ಯಾರೂ ತೆರೆಯಲಿಲ್ಲವೆಂಬುದು ಕೋಟಿನ ಗುಂಡಿಗಿಂತ ದೊಡ್ಡ ಸಂಗತಿಯಲ್ಲವೆ? ಗುಮಾಸ್ತೆಯ ಮೇಲೆ ಯಾರೂ ಕಾದಂಬರಿ ಬರೆಯುವುದಿಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ನಮ್ಮ ಮಕ್ಕಳು ಈ ಪುಸ್ತಕ ಓದುವಾಗ ಗೊತ್ತಿರಲೇಬೇಕಾದ ಮಾತು ಇಲ್ಲಿದೆ.

ಮುಖ ನೋಡಿ ಕಳ್ಳನೆನ್ನುವುದು ನಮ್ಮ ಸೀಮೆಯಲ್ಲಿ ಕಾದಂಬರಿಯಾಗಿರಲಿಲ್ಲ, ಕಾಯದೆಯಾಗಿತ್ತು. ಬ್ರಿಟಿಷ ಸರಕಾರ ೧೮೭೧ರಲ್ಲಿ ಉತ್ತರ ಹಿಂದುಸ್ಥಾನಕ್ಕೆ ‘ಅಪರಾಧಿ ಬುಡಕಟ್ಟು’ಗಳ ಕಾಯದೆ ತಂದು, ೧೯೧೧ರಲ್ಲಿ ಅದನ್ನು ನಮ್ಮ ಮುಂಬಯಿ ಇಲಾಖೆಯೂ ಸೇರಿದಂತೆ ದೇಶಕ್ಕೆಲ್ಲ ಹರಡಿತು, ೧೯೨೪ರಲ್ಲಿ ಮತ್ತೆ ಬಿಗಿಮಾಡಿತು. ಆಗ ಬೈಲಹೊಂಗಲ ಕಿತ್ತೂರಗಳು ಸಂಪಗಾಂವ ತಾಲೂಕಿನಲ್ಲಿ, ಸವದತ್ತಿ ಪರಸಗಡ ತಾಲೂಕಿನಲ್ಲಿ ಮುಂಬಯಿ ಇಲಾಖೆಗೆ ಸೇರಿದ್ದವು. ರಾಮದುರ್ಗ ಬೇರೆ ಸಂಸ್ಥಾನ. ಕಾಯದೆ ತಂದವರ ವಾದ ಬಲು ಸರಳ: ಈ ದೇಶದಲ್ಲಿ ಬಡಿಗನ ಮಗ ಬಡಿಗ, ನೇಕಾರನ ಮಗ ನೇಕಾರ, ಆದ್ದರಿಂದ ಕಳ್ಳನ ಮಗ ಕಳ್ಳ. ಆ ಹೊತ್ತಿಗೆ ಇಟಲಿಯ ಲೊಂಬ್ರೊಸೊ ಎಂಬ ವೈದ್ಯ ತಲೆಬುರುಡೆ, ದವಡೆ, ಕಿವಿ ಅಳೆದು ಹುಟ್ಟು ಅಪರಾಧಿಯನ್ನು ಗುರುತಿಸಬಹುದೆಂದು ೧೮೭೬ರಲ್ಲಿ ಪುಸ್ತಕ ಬರೆದ. ವಿಲಾಯತಿಯಲ್ಲಿ ಇದು ಚರ್ಚೆಯ ವಿಷಯವಾಗಿದ್ದರೆ ಇಲ್ಲಿ ಗೆಝೆಟ್ಟಿನ ವಿಷಯವಾಯಿತು.

ಗೆಝೆಟ್ಟಿನಲ್ಲಿ ಜಾತಿಯ ಹೆಸರು ಬಂದರೆ ಮುಗಿಯಿತು. ಆ ಪ್ರಕಟಣೆಯನ್ನು ಯಾವ ಕೋರ್ಟಿನಲ್ಲೂ ಪ್ರಶ್ನಿಸುವ ಹಾಗಿರಲಿಲ್ಲ. ಹೆಸರು ದಾಖಲೆ, ಬೆರಳಚ್ಚು, ಪೋಲೀಸ ಠಾಣ್ಯದಲ್ಲಿ ಹಾಜರಿ, ಊರು ಬಿಡಬೇಕಾದರೆ ಪಾಸು. ದಾಖಲಾದವನು ಕಳವು ಮಾಡಲು ಹೊರಟಂತೆ ಕಂಡರೂ ಸಾಕು, ಮೂರು ವರುಷದ ತನಕ ಸಜೆ. ಮಾಡಿದ್ದಕ್ಕಲ್ಲ, ಮಾಡುವಂತೆ ಕಂಡದ್ದಕ್ಕೆ! ಮಕ್ಕಳ ಗತಿ ಕೇಳಿರಿ: ೧೮೯೭ರ ತಿದ್ದುಪಡಿಯ ಪ್ರಕಾರ ನಾಲ್ಕರಿಂದ ಹದಿನೆಂಟು ವರುಷದ ಮಕ್ಕಳನ್ನು ತಾಯ್ತಂದೆಗಳಿಂದ ಕಿತ್ತು ಬೇರೆ ಕೇಂದ್ರದಲ್ಲಿಡಬಹುದಾಗಿತ್ತು. ಹದಿನೇಳರ ಹುಡುಗಿಯನ್ನು ಕರೆದೊಯ್ದು ಮನೆಯಲ್ಲಿಟ್ಟ ಸರಕಾರಿ ಖಾತೆ ಕಾದಂಬರಿಯಲ್ಲೇ ಇರಬೇಕೆಂದೇನೂ ಇಲ್ಲ.

ಬಿಜಾಪುರದಲ್ಲಿ ಸ್ಟಾರ್ಟೆ ಎಂಬ ಐ.ಸಿ.ಎಸ್. ಅಧಿಕಾರಿ ಇಂಥವರಿಗೆ ‘ಸೆಟ್ಲಮೆಂಟು’ ತೆರೆದ. ಮುಂದೆ ಶೋಲಾಪುರ, ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲೂ ಸೆಟ್ಲಮೆಂಟುಗಳಾದವು. ಆ ಅಧಿಕಾರಿ ಒಳ್ಳೆಯ ಮನಸ್ಸಿನವನೇ ಇದ್ದನೆನ್ನುತ್ತಾರೆ. ಶಾಲೆ ತೆರೆದ, ಕೆಲಸ ಕೊಡಿಸಿದ. ಇರಲಿ. ಆದರೆ ಗಿರಣಿ ಊರಿನ ಬಳಿ ಬೇಲಿಯೊಳಗೆ ಊರೂರಿಂದ ತಂದು ಕೂಡಿಸಿದ ಜನರಿಗೆ, ಹಾಜರಿ ತಪ್ಪಿದರೆ ಜೈಲಿಗೆ ಹೋಗಬೇಕಾದ ಜನರಿಗೆ, ಪಗಾರ ಸಾಲದೆಂದು ಹೇಳುವ ನಾಲಿಗೆ ಎಲ್ಲಿಂದ ಬರಬೇಕು? ಕೆಲಸ ಬಿಟ್ಟು ಬೇರೆ ಊರಿಗೆ ಹೋಗುವ ಕಾಲೆಲ್ಲಿ? ಶೋಲಾಪುರದ ಗಿರಣಿಗಳಲ್ಲಿ ದುಡಿದ ಸೆಟ್ಲಮೆಂಟಿನ ಕೈಗಳು ಇಂಥವು. ಕಾಮಗಾರರ ಇತಿಹಾಸ ಬರೆಯುವವರು ಈ ಪುಟವನ್ನು ಮುಗುಚಿಟ್ಟೇ ಹೋಗುತ್ತಾರೆ.

ಗಂಟಿಚೋರ, ಕೊರಮ, ಕೈಕಾಡಿ, ಹರಣಶಿಕಾರಿ, ಚಪ್ಪರಬಂದ ಹೀಗೆ ನಮ್ಮ ಸೀಮೆಯ ಎಷ್ಟೋ ಹೆಸರುಗಳು ಆ ಪಟ್ಟಿಯಲ್ಲಿ ಬಿದ್ದವು. ಮೊದಲನೆಯದನ್ನೇ ನೋಡಿರಿ; ಕಳ್ಳನೆಂಬ ಶಬ್ದ ಜಾತಿಯ ಹೆಸರಿನೊಳಗೇ ಕುಳಿತಿದೆ. ಶಾಲೆಗೆ ಹೆಸರು ಹಚ್ಚುವ ದಿನ ಆ ಮಗು ಗುರುಗಳ ಮುಂದೆ ತನ್ನ ಜಾತಿ ಹೇಳಬೇಕಲ್ಲವೆ? ಆ ಮೇಲೆ ತರಗತಿಯಲ್ಲಿ ಯಾರದಾದರೂ ಪೆನ್ನು ಕಳೆದರೆ ಪ್ರೊಫೈಲು ಬರೆಯಲು ಎಫ್.ಬಿ.ಐ. ಬೇಕಾಗುವುದಿಲ್ಲ.

ಮುಂಬಯಿ ಸರಕಾರ ೧೯೪೯ರಲ್ಲಿ ಈ ಕಾಯದೆಯನ್ನು ಕಿತ್ತುಹಾಕಿತು. ೧೯೫೨ರ ಆಗಸ್ಟ ೩೧ಕ್ಕೆ ದೇಶದಲ್ಲೆಲ್ಲ ಅದು ಹೋಯಿತು. ‘ವಿಮುಕ್ತ’ರೆಂಬ ಹೆಸರು ಬಂದದ್ದು ಆಗಲೇ. ಆದರೆ ಒಂದು ಕೈಯಿಂದ ಕಿತ್ತದ್ದನ್ನು ಇನ್ನೊಂದು ಕೈಯಿಂದ ನೆಟ್ಟರು. ‘ರೂಢಿಗತ ಅಪರಾಧಿ’ಗಳ ಕಾಯದೆಗಳು ರಾಜ್ಯ ರಾಜ್ಯಗಳಲ್ಲಿ ಬಂದವು, ನಮ್ಮ ರಾಜ್ಯದ್ದು ೧೯೬೧ರದು. ಜಾತಿಯ ಹೆಸರು ಹೋಯಿತು, ವಹಿ ಉಳಿಯಿತು. ಜೈಲು ಕೈಪಿಡಿಗಳಲ್ಲಿ ಮಾತ್ರ ಜಾತಿಯೂ ಉಳಿದುಕೊಂಡಿತ್ತು: ಯಾವ ಜಾತಿಯ ಕೈದಿ ಅಡಿಗೆ ಮಾಡಬೇಕು, ಯಾವ ಜಾತಿಯವ ಕಕ್ಕಸು ಬಳಿಯಬೇಕು, ಅಲೆಮಾರಿ ಬುಡಕಟ್ಟಿನವನ ಮೇಲೆ ಎಂಥ ಕಣ್ಣಿಡಬೇಕು ಎಂಬುದೆಲ್ಲ. ೨೦೨೪ರ ಅಕ್ಟೋಬರ ೩ರಂದು ಸುಪ್ರೀಂ ಕೋರ್ಟು ಇವನ್ನು ಸಂವಿಧಾನ ವಿರುದ್ಧವೆಂದು ಸಾರಿ, ಮೂರು ತಿಂಗಳೊಳಗೆ ತಿದ್ದಿರೆಂದು ಎಲ್ಲ ರಾಜ್ಯಗಳಿಗೆ ಹೇಳಿತು. ಕಾಯದೆ ಸತ್ತು ಎಪ್ಪತ್ತೆರಡು ವರುಷಗಳಾದ ಮೇಲೆ!

ಹಳೆಯ ಮಾತು, ಬಿಡಿ ಎನ್ನುವವರಿಗೆ ೨೦೧೮ರ ಜುಲೈ ತಿಂಗಳನ್ನು ನೆನಪಿಸುತ್ತೇವೆ. ಬೀದರ ಜಿಲ್ಲೆಯ ಔರಾದ ತಾಲೂಕಿನ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದ ತರುಣರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ವಾಟ್ಸಾಪಿನಲ್ಲಿ ಮೊದಲೇ ಓಡಾಡುತ್ತಿತ್ತು. ಅಪರಿಚಿತ ಮೋರೆ, ಮೋಟಾರು, ಚಾಕಲೇಟು: ಚಿತ್ರ ತಯಾರಾಯಿತು. ಜನ ಬಡಿದರು, ಒಬ್ಬ ಇಂಜಿನಿಯರ ತರುಣ ಸತ್ತ. ಅದೇ ವರುಷ ಮೇ ತಿಂಗಳಲ್ಲಿ ಬೆಂಗಳೂರಿನಲ್ಲೂ ಇದೇ ಗುಮಾನಿಯ ಮೇಲೆ ಒಬ್ಬ ಪರಪ್ರಾಂತದ ಕೂಲಿಯನ್ನು ಕೊಂದಿದ್ದರು. ಅಲ್ಲಿ ಬಡಿದವರೆಲ್ಲ ತಮ್ಮನ್ನು ಜಾಣ ಪತ್ತೇದಾರರೆಂದೇ ತಿಳಿದಿದ್ದರು. ಯಲ್ಲಮ್ಮನ ಗುಡ್ಡಕ್ಕೆ ಹುಣ್ಣಿವೆಗಳಲ್ಲಿ ಎಲ್ಲೆಲ್ಲಿಂದಲೋ ಬರುವ ಲಕ್ಷಗಟ್ಟಲೆ ಅಪರಿಚಿತ ಮೋರೆಗಳನ್ನು ಎದುರುಗೊಳ್ಳುವ ಸವದತ್ತಿಯ ಜನರು ಇದನ್ನು ಎರಡು ಸಲ ಓದಬೇಕು. ಊರ ಹೊರಗಿನ ಬಯಲಿನಲ್ಲಿ ಡೇರೆ ಹಾಕಿದವರಿದ್ದಾಗ ಪೇಟೆಯಲ್ಲಿ ಒಂದು ಅಂಗಡಿಯ ಬೀಗ ಮುರಿದರೆ ಮೊದಲು ಎತ್ತ ಓಡುತ್ತೇವೆಂಬುದನ್ನು ವ್ಯಾಪಾರಿ ಬಂಧುಗಳು ತಮ್ಮಷ್ಟಕ್ಕೆ ತಾವೇ ಕೇಳಿಕೊಳ್ಳಲಿ.

ನಮ್ಮ ಜಿಲ್ಲೆಯ ಅತಿ ದೊಡ್ಡ ವಂಚನೆಯ ಹೆಸರು ಯಾರಿಗೆ ತಿಳಿಯದು? ಖಾನಾಪುರದ ಅಬ್ದುಲ್ ಕರೀಂ ತೆಲಗಿ. ರೈಲು ನಿಲ್ದಾಣದಲ್ಲಿ ಹಣ್ಣು ಮಾರಿದ ಹುಡುಗ, ದೇಶಕ್ಕೆಲ್ಲ ಖೋಟಾ ಛಾಪಾ ಕಾಗದ ಮಾರಿದ. ೨೦೦೧ರಲ್ಲಿ ಸಿಕ್ಕ, ೨೦೧೭ರಲ್ಲಿ ಬೆಂಗಳೂರಿನಲ್ಲಿ ಸತ್ತ. ಅವನ ಮುಖ ನೋಡಿ ಯಾರಿಗೂ ಏನೂ ತಿಳಿಯಲಿಲ್ಲ. ಬ್ಯಾಂಕುಗಳು, ವಿಮೆ ಕಂಪನಿಗಳು ಕಣ್ಣು ಮುಚ್ಚಿ ಅವನ ಕಾಗದ ಕೊಂಡವು. ದೊಡ್ಡ ಹುದ್ದೆಯ ಪೋಲೀಸರೇ ಆ ಪ್ರಕರಣದಲ್ಲಿ ಜೈಲು ಕಂಡರು. ಆಮೇಲೆ ಅವನಿಗೆ ಔಷಧ ಚುಚ್ಚಿ ಮನಸ್ಸಿನಿಂದ ಸತ್ಯ ಹೊರತೆಗೆಯುವ ಪರೀಕ್ಷೆ ಬೆಂಗಳೂರಿನಲ್ಲಿ ನಡೆಯಿತು, ಅದರ ಚಿತ್ರ ಟೀವಿಯಲ್ಲೂ ಬಂತು. ಅಂಥ ಪರೀಕ್ಷೆಯನ್ನು ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಾಡಕೂಡದೆಂದು ಸುಪ್ರೀಂ ಕೋರ್ಟು ೨೦೧೦ರ ಮೇ ೫ರಂದು ತೀರ್ಪು ಕೊಟ್ಟಿತು. ಆ ದಾವೆ ನಮ್ಮ ಕರ್ನಾಟಕದ್ದೇ: ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. ಕಾಲೇಜು ಹುಡುಗರು ಇದನ್ನು ಹುಡುಕಿ ಓದಿದರೆ ಯಾವ ಕಾದಂಬರಿಗೂ ಕಡಿಮೆಯಾಗದಷ್ಟು ಕುತೂಹಲ ಅದರಲ್ಲಿದೆ.

ಹದಿಹರೆಯದವರ ವಿಷಯಕ್ಕೆ ಬಂದಾಗ ಇನ್ನೊಂದು ಸಂಗತಿಯನ್ನು ತಂದೆತಾಯಿಗಳು ತಿಳಿದಿರಬೇಕು. ಕಾದಂಬರಿಯಲ್ಲಿ ಹುಡುಗರು ಅಪರಾಧಿಯ ಮನಸ್ಸನ್ನು ಓದುತ್ತಾರೆ. ನಮ್ಮ ಕಾಯದೆಯಲ್ಲಿ ಹುಡುಗರ ಮನಸ್ಸನ್ನೇ ಓದುತ್ತಾರೆ. ೨೦೧೫ರ ಬಾಲನ್ಯಾಯ ಕಾಯದೆಯ ೧೫ನೆಯ ಕಲಮಿನ ಪ್ರಕಾರ, ಹದಿನಾರು ತುಂಬಿ ಹದಿನೆಂಟರೊಳಗಿನವನು ಘೋರ ಅಪರಾಧ ಮಾಡಿದನೆಂಬ ಆರೋಪ ಬಂದರೆ, ಅದನ್ನು ಮಾಡುವ ಮಾನಸಿಕ, ಶಾರೀರಿಕ ಶಕ್ತಿ ಅವನಿಗಿತ್ತೆ, ಪರಿಣಾಮ ತಿಳಿಯುತ್ತಿತ್ತೆ, ಸಂದರ್ಭವೇನಿತ್ತು ಎಂದು ಬಾಲನ್ಯಾಯ ಮಂಡಲಿ ಮೊದಲು ಅಳೆಯುತ್ತದೆ. ಬೇಕಾದರೆ ಮನಃಶಾಸ್ತ್ರಜ್ಞರ ನೆರವು ಪಡೆಯಬಹುದು. ಅಳತೆ ಒಂದು ಬಗೆಯಾಗಿ ಬಂದರೆ ಅವನು ಮಗು. ಇನ್ನೊಂದು ಬಗೆಯಾದರೆ ದೊಡ್ಡವರಂತೆ ವಿಚಾರಣೆ. ಒಂದು ದಿನ, ಒಂದು ಸಿಟ್ಟು, ಒಂದು ಕ್ಷಣ ನಡೆದದ್ದನ್ನು ತಿಂಗಳುಗಳ ಮೇಲೆ ಕುರ್ಚಿಯಲ್ಲಿ ಕೂಡ್ರಿಸಿ ಅಳೆಯುವ ತಕ್ಕಡಿ ಯಾವುದು? ಪೇಟೆಯ ತಕ್ಕಡಿಗೆ ಕಾಲಕಾಲಕ್ಕೆ ಮುದ್ರೆ ಹಾಕಿಸದಿದ್ದರೆ ಇನ್‌ಸ್ಪೆಕ್ಟರ ದಂಡ ಹಾಕುತ್ತಾನೆ; ಈ ತಕ್ಕಡಿಗೆ ಮುದ್ರೆ ಹಾಕುವವರಾರು? ಅದೇ ಕಾಯದೆಯ ೨೪ನೆಯ ಕಲಮು ಮಕ್ಕಳ ಶಿಕ್ಷೆಯ ದಾಖಲೆಯನ್ನು ಕೆಲ ಕಾಲದ ಮೇಲೆ ನಾಶಪಡಿಸಬೇಕೆನ್ನುತ್ತದೆ. ಒಳ್ಳೆಯ ಕಲಮು. ಆದರೆ ಹೀಗೆ ದೊಡ್ಡವರಂತೆ ತೂಗಲ್ಪಟ್ಟು ಸೆಷನ್ಸಿನಲ್ಲಿ ಶಿಕ್ಷೆಯಾದ ಹದಿನಾರರ ಹುಡುಗನಿಗೆ ಆ ರಕ್ಷಣೆಯಿಲ್ಲ.

ಕಾದಂಬರಿಗೆ ನ್ಯಾಯವಾಗಿ ಒಂದು ಮಾತು ಸಲ್ಲಬೇಕು. ಕೊಲೆಗಾರನ ಮಗನಾದ ಆ ಹುಡುಗನನ್ನು ಬರೆದಾಕೆ ತಾತ್ಸಾರದಿಂದ ಕಂಡಿಲ್ಲ. ತಂದೆಯ ರಕ್ತ ತನ್ನಲ್ಲೂ ಇದೆಯೇ ಎಂದು ಅವನು ಒಳಗೊಳಗೇ ಬೇಯುತ್ತಾನೆ. ಹುಡುಗಿಗೆ ಅದು ಅರ್ಥವಾಗುತ್ತದೆ. ಪುಸ್ತಕದ ಅತ್ಯಂತ ಒಳ್ಳೆಯ ಭಾಗ ನಮ್ಮ ದೃಷ್ಟಿಯಿಂದ ಅದೇ, ಕೊಲೆಯ ಗುಟ್ಟಲ್ಲ. ಆ ಹುಡುಗನ ಸಂಕಟ ತಿಳಿದ ನಮ್ಮ ಮಕ್ಕಳಿಗೆ, ನೂರಕ್ಕೂ ಹೆಚ್ಚು ಜಾತಿಗಳ ಅಷ್ಟೂ ಮಕ್ಕಳನ್ನು ಸರಕಾರವೇ ಹುಟ್ಟುವ ಮೊದಲು ಆ ಸಂಕಟಕ್ಕೆ ನೂಕಿತ್ತೆಂದು ಹೇಳಿದರೆ ತಿಳಿಯದೆ ಇರದು.

ಅಪರಾಧಿ ಯಾರೆಂಬ ಲೆಕ್ಕ ಬದಲಾಗುವುದನ್ನು ಈ ನಾಲ್ಕು ಊರಿನವರಿಗೆ ಬೇರೆಯಾಗಿ ಕಲಿಸಬೇಕೆ? ಸಂಗೊಳ್ಳಿ ರಾಯಣ್ಣನನ್ನು ಕಂಪನಿ ಸರಕಾರ ೧೮೩೧ರಲ್ಲಿ ನಂದಗಡದಲ್ಲಿ ಅಪರಾಧಿಯೆಂದೇ ನೇಣಿಗೆ ಹಾಕಿತು. ಕಿತ್ತೂರಿನ ಚನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲೇ ತೀರಿಕೊಂಡಳು. ಇಂದು ಸರಕಾರವೇ ಖರ್ಚು ಮಾಡಿ ಇವರ ಉತ್ಸವ ಮಾಡುತ್ತದೆ.

ಪತ್ತೇದಾರಿಕೆಯ ಹುಮ್ಮಸ್ಸುಳ್ಳ ತರುಣ ತರುಣಿಯರಿಗೆ ನಾವೊಂದು ಕೆಲಸ ಹೇಳುತ್ತೇವೆ. ಗದಗ-ಬೆಟಗೇರಿ ದೂರದ ಊರಲ್ಲ. ಹುಬ್ಬಳ್ಳಿಯಂತೂ ಇನ್ನೂ ಸಮೀಪ. ಎರಡೂ ಕಡೆ ‘ಸೆಟ್ಲಮೆಂಟ’ ಎಂದು ಕೇಳಿದರೆ ಇಂದಿಗೂ ದಾರಿ ತೋರಿಸುತ್ತಾರೆ. ಹಾಜರಿಯ ಗಂಟೆ ಕೇಳಿ ಬೆಳೆದವರು ಈಗ ಎಂಬತ್ತು ದಾಟಿರುತ್ತಾರೆ, ವರುಷ ವರುಷ ಕಡಿಮೆಯಾಗುತ್ತಿದ್ದಾರೆ. ಹೋಗಿ ಕುಳಿತು ಕೇಳಿರಿ: ಬೇಲಿ ಎಲ್ಲಿತ್ತು, ಹಾಜರಿ ಎಷ್ಟು ಹೊತ್ತಿಗೆ, ಪಾಸು ಬರೆಯುತ್ತಿದ್ದವರು ಯಾರು, ಗಿರಣಿಯಲ್ಲಿ ಯಾವ ಖಾತೆಯಲ್ಲಿ ದುಡಿದರು, ಪಗಾರ ಯಾರ ಕೈಗೆ ಬರುತ್ತಿತ್ತು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ, ಅವರ ಒಪ್ಪಿಗೆ ಪಡೆದು, ಕಾಗದದ ಒಂದೇ ಬದಿಗೆ ಬರೆದು ಕಳಿಸಿರಿ. ಕಾಗುಣಿತದ ಚಿಂತೆ ಬೇಡ, ಅದನ್ನು ನಾವು ನೋಡಿಕೊಳ್ಳುತ್ತೇವೆ. ಬಂದದ್ದನ್ನು ಬಂದ ವಾರವೇ ಅಚ್ಚು ಹಾಕುತ್ತೇವೆ.